ಗ್ರಾಮದ ಶಾಲೆಗೆ ಸಂಗೀತದ ಉಪಾಧ್ಯಾಯರು

(ಬಾಗೂರಿನಲ್ಲಿ ನೆರೆದಿದ್ದ ಉಪಾಧ್ಯಾಯರ ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಚೆನ್ನಕೇಶವನ ಸನ್ನಿಧಿಯಿರುವ ಈ ಬಾಗೂರಿನಲ್ಲಿ ಸಂಗೀತದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದಿರಿ. ನಾವು ಸಂಗೀತ ವಿದ್ವಾಂಸರಲ್ಲ; ಕಾನೂನಿನ ಪುಸ್ತಕವನ್ನೋದಿ ಹೊಟ್ಟೆ ಹೊರೆಯುವವರು. ರಾಗಲಕ್ಷಣವನ್ನು ವಿವರಿಸುವ ಅಧಿಕಾರ ನಮಗಿಲ್ಲ. ಆದರೆ ಹಾಡುವ ತರುಣನಿಗೆ ಅನ್ನವು ಎಲ್ಲಿಂದ ಬರಬೇಕು, ಹಾಡು ಕಲಿಯಬೇಕಾದ ಮಗುವಿಗೆ ಗುರುವು ಎಲ್ಲಿಂದ ಬರಬೇಕು ಎಂಬ ಎರಡು ಪ್ರಶ್ನೆಗಳು ವಿದ್ವಾಂಸರಿಗೆ ಮಾತ್ರ ಸೇರಿದವಲ್ಲ; ಊರಿಗೆ ಸೇರಿದವು. ಈ ಎರಡು ಪ್ರಶ್ನೆಗಳಿಗೂ ಉತ್ತರವು ಒಂದೇ ಎಂಬುದನ್ನು ತಮ್ಮ ಮುಂದಿಡುವುದೇ ನಮ್ಮ ಉದ್ದೇಶವಾಗಿದೆ.

ಮೊದಲು ಒಂದು ಸರಕಾರಿ ಆಜ್ಞೆಯನ್ನು ನೆನೆಯೋಣ. ಕುವೆಂಪು ಅವರ ಗೀತೆಯನ್ನು 2004ರಲ್ಲಿ ನಮ್ಮ ಸರಕಾರವು ನಾಡಗೀತೆಯೆಂದು ಘೋಷಿಸಿತು. ಅದನ್ನು ಯಾವ ಧಾಟಿಯಲ್ಲಿ ಹಾಡಬೇಕೆಂಬ ಚರ್ಚೆಯು ಬಹುಕಾಲ ನಡೆದು, ಕೊನೆಗೆ 2022ರಲ್ಲಿ, ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡತಕ್ಕದ್ದೆಂದು ಆಜ್ಞೆಯಾಯಿತು. ಆ ಆಜ್ಞೆಯನ್ನು ಪ್ರಶ್ನಿಸಿದ ಅರ್ಜಿಯನ್ನು 2024ರಲ್ಲಿ ಹೈಕೋರ್ಟು ತಳ್ಳಿಹಾಕಿತು. ಧಾಟಿ ನಿಶ್ಚಯವಾಯಿತು, ಕಾಲ ನಿಶ್ಚಯವಾಯಿತು, ನ್ಯಾಯಾಲಯದ ಮುದ್ರೆಯೂ ಬಿದ್ದಿತು. ಸಂತೋಷವೇ. ಆದರೆ ಅದನ್ನು ಶ್ರುತಿಬದ್ಧವಾಗಿ ಮಕ್ಕಳಿಗೆ ಕಲಿಸುವವರು ಯಾರು? ಹಳ್ಳಿಯ ಶಾಲೆಗಳಲ್ಲಿ ಈ ಹೊರೆಯು ಗಣಿತ ಹೇಳುವವರ ಮೇಲೋ ಸಮಾಜಪಾಠ ಹೇಳುವವರ ಮೇಲೋ ಬೀಳುತ್ತದೆ. ಅವರು ಪ್ರೀತಿಯಿಂದಲೇ ಹಾಡಿಸುತ್ತಾರೆ. ಅವರಿಗೆ ನಮ್ಮ ನಮಸ್ಕಾರ. ಮೊಬೈಲಿನಲ್ಲಿ ಹಾಡನ್ನು ಹಚ್ಚಿಟ್ಟರೆ ಸಾಲದೇ ಎಂದು ಕೆಲವರು ಕೇಳುವುದುಂಟು. ಯಂತ್ರವು ಹಾಡಿ ಕೇಳಿಸಬಲ್ಲದು. ಹಿಂದಿನ ಸಾಲಿನಲ್ಲಿ ನಾಚಿ ನಿಂತ ಹುಡುಗಿಯ ಬಾಯನ್ನು ತೆರೆಯಿಸಲಾರದು. ಅದಕ್ಕೆ ಮನುಷ್ಯನೇ ಬೇಕು.

ಇನ್ನು ಹಾಡುವವನ ಅನ್ನದ ಪ್ರಶ್ನೆ. ಹಿಂದಿನ ಕಾಲದಲ್ಲಿ ಅವನನ್ನು ಅರಮನೆ, ಗುಡಿ, ಮಠ, ನಾಟಕದ ಕಂಪನಿ ಇವು ನಾಲ್ಕೂ ಸಲಹಿದವು. ಈ ಪೋಷಣೆಗೆ ಪ್ರಾಂತಗಳ ಎಲ್ಲೆಯೇ ಇರಲಿಲ್ಲ. ಮೈಸೂರಿನ ದರಬಾರಿಗೆ ಹೋಗಿಬರುತ್ತಿದ್ದ ಅಬ್ದುಲ್ ಕರೀಂ ಖಾನ ಸಾಹೇಬರು ದಾರಿಯಲ್ಲಿ ಧಾರವಾಡ ಹುಬ್ಬಳ್ಳಿಗಳ ಕಡೆ ತಂಗುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರಾದರು. ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಸವಾಯಿ ಗಂಧರ್ವರ ಶಿಷ್ಯರಾದರು. ಮೈಸೂರಿನ ಅರಸರು ಕೊಟ್ಟ ಮರ್ಯಾದೆಯು ಮುಂಬಯಿ ಪ್ರಾಂತದಲ್ಲಿದ್ದ ಕನ್ನಡಿಗರ ಕಂಠದಲ್ಲಿ ಫಲಿಸಿತು. ಮಲ್ಲಿಕಾರ್ಜುನ ಮನಸೂರರೂ ಬಸವರಾಜ ರಾಜಗುರುಗಳೂ ಎಳೆಯ ವಯಸ್ಸಿನಲ್ಲಿ ನಾಟಕದ ಕಂಪನಿಗಳಲ್ಲಿ ಹಾಡಿ ಬೆಳೆದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆಯನ್ನಂತೂ ಹೇಳಬೇಕಾದುದಿಲ್ಲ. ಸ್ವತಃ ಕಣ್ಣಿಲ್ಲದವರಾದ ಪಂಚಾಕ್ಷರಿ ಗವಾಯಿಗಳು (1892-1944), ಅವರ ತರುವಾಯ ಪುಟ್ಟರಾಜ ಗವಾಯಿಗಳು (1914-2010), ಕಣ್ಣಿಲ್ಲದ ಮತ್ತು ಗತಿಯಿಲ್ಲದ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸಿದರು. ಅಲ್ಲಿ ಕಲಿತವರು ಊರೂರುಗಳಲ್ಲಿ ಸಂಗೀತದ ಗುರುಗಳಾದರು.

1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ನೆರೆದಾಗ, ಗದಗಿನಲ್ಲಿ ವಕೀಲರಾಗಿದ್ದ ಹುಯಿಲಗೋಳ ನಾರಾಯಣರಾಯರ ನಾಡಗೀತೆಯು ಅಲ್ಲಿ ಮೊಳಗಿತು. ಅದೇ ಸಭೆಯಲ್ಲಿ ಸ್ವಾಗತಗೀತೆ ಹಾಡಿದವರಲ್ಲಿ ಬಾಲಕಿ ಗಂಗೂಬಾಯಿಯೂ ಇದ್ದಳು. ಆಗ ಕನ್ನಡ ನಾಡು ಹರಿದು ಹಂಚಿಹೋಗಿತ್ತು. 1956ರ ನವೆಂಬರ್ 1ರಂದು ಅದು ಒಂದಾಯಿತು. ಆ ಬಾಲಕಿಯ ಹೆಸರಿನಲ್ಲಿ 2009ರ ಕಾಯಿದೆಯಂತೆ ಸ್ಥಾಪಿತವಾದ ಸಂಗೀತ ವಿಶ್ವವಿದ್ಯಾನಿಲಯವು ಇಂದು ಮೈಸೂರಿನಲ್ಲಿದೆ. ಧಾರವಾಡದ ಕಂಠಕ್ಕೆ ಮೈಸೂರಿನಲ್ಲಿ ಪೀಠ! ಒಂದು ಮಗುವಿಗೆ ಸಭೆಯಲ್ಲಿ ಹಾಡುವ ಅವಕಾಶ ದೊರೆತರೆ ಅದು ಎಲ್ಲಿಯವರೆಗೆ ಬೆಳೆಯಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೇ?

ಆ ಹಳೆಯ ಪೋಷಕರಲ್ಲಿ ಅರಮನೆಯ ದರಬಾರು ಇಂದಿಲ್ಲ, ಕಂಪನಿಗಳು ಕ್ಷೀಣಿಸಿದವು, ಗುಡಿ ಮಠಗಳ ಶಕ್ತಿ ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ. ಸುಗಮ ಸಂಗೀತದಲ್ಲಿ ಮನೆಮಾತಾದವರನ್ನೇ ನೋಡಿರಿ. ಸಿ. ಅಶ್ವಥ್ ಅವರು ಬಹುಕಾಲ ದೂರವಾಣಿ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣನವರು ನಮ್ಮ ಹಾಗೆಯೇ ವಕೀಲರಾಗಿದ್ದರು. ಅಂಥ ಕಂಠಗಳೇ ಹಗಲಿನಲ್ಲಿ ಬೇರೆ ಕೆಲಸ ಮಾಡಿ ಹಾಡಬೇಕಾಯಿತೆಂದ ಮೇಲೆ, ಹೊಸದುರ್ಗ ಸೀಮೆಯ ಒಬ್ಬ ಬಡ ತರುಣನು ಕಚೇರಿಯ ಸಂಭಾವನೆಯನ್ನೇ ನಂಬಿ ಬಾಳಬಹುದೆಂದು ಹೇಳುವುದು ಅವನಿಗೆ ಮಾಡುವ ದ್ರೋಹವಾದೀತು. ಹಾಗಾದರೆ ಅರಮನೆಯ ಸ್ಥಾನದಲ್ಲಿ ಇಂದು ಯಾರು ನಿಲ್ಲಬೇಕು? ಪ್ರಜೆಗಳ ಶಾಲೆಯೇ ನಿಲ್ಲಬೇಕು. ಅದೇ ನಮ್ಮ ಉತ್ತರ.

ಇದಕ್ಕೆ ಕಾನೂನಿನ ಆಧಾರವುಂಟೇ? ಉಂಟು, ಆದರೆ ಅರ್ಧದಷ್ಟುಂಟು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯನ್ನು ಓದಿರಿ. 6ರಿಂದ 8ನೆಯ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಪೂರ್ಣಕಾಲದ ಮುಖ್ಯೋಪಾಧ್ಯಾಯರೂ, ಕಲೆ, ಆರೋಗ್ಯ ಮತ್ತು ವ್ಯಾಯಾಮ, ಕೈಕೆಲಸ ಇವುಗಳಿಗೆ ಅರೆಕಾಲಿಕ ಬೋಧಕರೂ ಇರತಕ್ಕದ್ದೆಂದು ಅದು ವಿಧಿಸುತ್ತದೆ. ಇಲ್ಲಿ ಮೂರು ತೊಡಕುಗಳಿವೆ. ಒಂದನೆಯದು, 100 ಮಕ್ಕಳಿಲ್ಲದ ಹಳ್ಳಿಯ ಶಾಲೆಗೆ ಈ ವಿಧಿಯಿಂದ ಏನೂ ದೊರೆಯದು; ಹಳ್ಳಿ ಚಿಕ್ಕದಾದ ಮಾತ್ರಕ್ಕೆ ಮಕ್ಕಳ ಕಿವಿ ಚಿಕ್ಕದೇ? ಎರಡನೆಯದು, ಕಾಯಿದೆಯಲ್ಲಿ ‘ಕಲೆ’ ಎಂದಿದೆಯೇ ಹೊರತು ‘ಸಂಗೀತ’ ಎಂದಿಲ್ಲ. ಚಿತ್ರಕಲೆಯವರೊಬ್ಬರು ಬಂದರೆ ವಿಧಿಯು ತೀರಿತು. ಮೂರನೆಯದು, ‘ಅರೆಕಾಲಿಕ’ವೆಂಬ ಮಾತು. ಕೆಲಸಕ್ಕೆ ಅರೆಕಾಲವೆಂಬುದುಂಟು; ಹೊಟ್ಟೆಗೆ ಅರೆಕಾಲವೆಂಬುದಿಲ್ಲ.

ಹೀಗೆಂದು ನಾವು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಅದೇ ಕಾಯಿದೆಯ 21 ಮತ್ತು 22ನೆಯ ಕಲಮುಗಳನ್ನು ನೋಡಿರಿ. ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರತಕ್ಕದ್ದು. ಸದಸ್ಯರಲ್ಲಿ ಅರ್ಧದಷ್ಟು ಮಂದಿ ಸ್ತ್ರೀಯರಾಗಿರತಕ್ಕದ್ದು. ಆ ಸಮಿತಿಯು ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯತಕ್ಕದ್ದು. ಸರಕಾರವು ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗತಕ್ಕದ್ದು. ಈ ಸಮಿತಿಯನ್ನೇ ನಾವು ನಿತ್ಯದ ಮಾತಿನಲ್ಲಿ ಎಸ್.ಡಿ.ಎಂ.ಸಿ. ಎನ್ನುತ್ತೇವೆ. ಯೋಜನೆಯೆಂದರೆ ಸುಣ್ಣಬಣ್ಣ, ಹೆಂಚು, ಕಾಂಪೌಂಡು ಇಷ್ಟೇ ಎಂದು ಭಾವಿಸಿ ಸಹಿ ಹಾಕುವುದನ್ನು ಬಿಟ್ಟು, ‘ನಮ್ಮ ಮಕ್ಕಳಿಗೆ ಸಂಗೀತದ ಬೋಧಕರು ಬೇಕು’ ಎಂಬ ಒಂದು ವಾಕ್ಯವನ್ನು ಅದರಲ್ಲಿ ಬರೆಯಿರಿ. ಬರೆಯದ ಬೇಡಿಕೆಯನ್ನು ಯಾವ ಕಚೇರಿಯೂ ಓದಲಾರದು.

ಒಂದು ಶಾಲೆಗೆ ಒಬ್ಬರು ದೊರೆಯದಿದ್ದರೆ ಐದು ಶಾಲೆಗಳು ಸೇರಲಿ. ಬಾಗೂರೂ ನೆರೆಯ ನಾಲ್ಕು ಊರುಗಳೂ ಕೂಡಿ ಒಬ್ಬ ಸಂಗೀತದ ಉಪಾಧ್ಯಾಯರನ್ನು ಕೇಳಲಿ. ವಾರದಲ್ಲಿ ಒಂದೊಂದು ಶಾಲೆಗೆ ಒಂದೊಂದು ದಿನ. ಆರನೆಯ ದಿನ ಬೆಳಗಿನ ಶಾಲೆ ಬಿಟ್ಟ ಮೇಲೆ ಊರಿನ ತರುಣರಿಗೆ ಪಾಠವಾಗಲಿ. ಐದು ಅರೆಕಾಲಗಳು ಕೂಡಿದರೆ ಒಬ್ಬ ಮನುಷ್ಯನ ಪೂರ್ಣ ಜೀವನವಾಗುತ್ತದೆ. ಇದು ನಮ್ಮ ಕಲ್ಪನೆಯಲ್ಲ. ಚಿಕ್ಕ ಶಾಲೆಗಳು ಗುಂಪಾಗಿ ಕಲೆ, ಸಂಗೀತ, ವ್ಯಾಯಾಮಗಳ ಶಿಕ್ಷಕರನ್ನು ಹಂಚಿಕೊಳ್ಳಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಆ ನೀತಿಯ ಉಳಿದ ಭಾಗಗಳ ವಿಷಯವಾಗಿ ಎಷ್ಟೇ ಭಿನ್ನಾಭಿಪ್ರಾಯವಿರಲಿ, ಒಂದೇ ಬಾವಿಯ ನೀರನ್ನು ಐದು ಹೊಲಗಳಿಗೆ ಹಾಯಿಸುವ ಬುದ್ಧಿಯನ್ನು ನಮ್ಮ ರೈತರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಇನ್ನು ತರುಣರಿಗೆ ಎರಡು ಮಾತು. ದಾರಿಗಳು ಕಿರಿದಾದರೂ ಇವೆ. ಅವುಗಳನ್ನು ಅರಿಯದೆ ಅವಕಾಶ ಕಳೆದುಕೊಳ್ಳುವವರೇ ಹೆಚ್ಚು. 10ರಿಂದ 14 ವರ್ಷದ ಮಕ್ಕಳಿಗೆ ಕೇಂದ್ರದ ಸಿ.ಸಿ.ಆರ್.ಟಿ. ಸಂಸ್ಥೆಯ ಪ್ರತಿಭಾಶೋಧ ವಿದ್ಯಾರ್ಥಿವೇತನವುಂಟು. 18ರಿಂದ 25 ವರ್ಷದ ಕಲಾವಿದರಿಗೆ ಕೇಂದ್ರದ ಸಂಸ್ಕೃತಿ ಇಲಾಖೆಯ ವೇತನವುಂಟು. ಅದು ತಿಂಗಳಿಗೆ 5,000 ರೂಪಾಯಿಯಂತೆ 2 ವರ್ಷಗಳಿಗೆ ಗೊತ್ತುಮಾಡಿದುದು. ಜೂನಿಯರ್, ಸೀನಿಯರ್, ವಿದ್ವತ್ ಎಂಬ ನಮ್ಮ ರಾಜ್ಯದ ಪರೀಕ್ಷೆಗಳನ್ನು ಮನೆಯಲ್ಲಿ ಗುರುಗಳ ಬಳಿ ಕಲಿತವರೂ ಬರೆಯಬಹುದು. ಅವುಗಳಲ್ಲಿ ಕರ್ನಾಟಕ, ಹಿಂದೂಸ್ತಾನಿ ಎರಡು ಪದ್ಧತಿಗಳಿಗೂ ಸ್ಥಾನವಿದೆ. ಕೇಂದ್ರೀಯ ವಿದ್ಯಾಲಯಗಳ ಪ್ರಾಥಮಿಕ ವಿಭಾಗದಲ್ಲಿಯೂ ನವೋದಯ ವಿದ್ಯಾಲಯಗಳಲ್ಲಿಯೂ ಸಂಗೀತ ಶಿಕ್ಷಕರ ಹುದ್ದೆಗಳಿವೆ. ಅವುಗಳಿಗೆ ಸಂಗೀತದ ಪದವಿ ಅಥವಾ ಅದಕ್ಕೆ ಸಮನಾದ ಅರ್ಹತೆಯನ್ನು ಕೇಳುತ್ತಾರೆ. ಆದುದರಿಂದ ಸೀನಿಯರ್ ಪರೀಕ್ಷೆಗೇ ನಿಂತುಬಿಡಬೇಡಿರಿ. ಆಕಾಶವಾಣಿಯ ಕೇಂದ್ರವು ನಮ್ಮ ಚಿತ್ರದುರ್ಗದಲ್ಲಿಯೇ ಇದೆ. ಅದರ ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪಡೆದ ಶ್ರೇಣಿಯು ಮುಂದೆ ಎಲ್ಲೆಡೆಯೂ ನಿಮ್ಮ ಪರವಾಗಿ ಸಾಕ್ಷಿ ನುಡಿಯುತ್ತದೆ.

ದೂರವೇಕೆ, ಇದೇ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯನ್ನು ನೋಡಿರಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಪ್ರಯತ್ನದಿಂದ ಅಲ್ಲಿ 1997ರಲ್ಲಿ ಆರಂಭವಾದ ಶಿವಸಂಚಾರವು ವರ್ಷವರ್ಷವೂ ಹೊಸ ನಾಟಕಗಳನ್ನು ಹೊತ್ತು ನಾಡನ್ನೆಲ್ಲ ಸುತ್ತುತ್ತಿದೆ. 2008ರಿಂದ ರಂಗಶಿಕ್ಷಣದ ಶಾಲೆಯೂ ನಡೆಯುತ್ತಿದೆ. ನಾಟಕವಿದ್ದಲ್ಲಿ ಹಾಡುವವನಿಗೂ ಹಾರ್ಮೋನಿಯಂ ತಬಲಗಳವನಿಗೂ ಕೆಲಸವುಂಟು. ಪಟ್ಟಣವಲ್ಲದ ಒಂದು ಹಳ್ಳಿಯು ಕಲಾವಿದರನ್ನು ಸಾಕಬಲ್ಲದೆಂಬುದಕ್ಕೆ ಪ್ರಮಾಣವನ್ನು ಹುಡುಕಿಕೊಂಡು ನಾವು ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಶಾಲೆಯಲ್ಲಿ ಕಲಿಸಬೇಕಾದ ಸಂಗೀತ ಯಾವುದು ಎಂಬ ಪ್ರಶ್ನೆಯೊಂದು ಉಳಿಯಿತು. ತ್ಯಾಗರಾಜರ ಕೃತಿಯೋ, ಖ್ಯಾಲೋ, ವಚನವೋ, ದಾಸರ ಪದವೋ? ಎಲ್ಲವೂ ನಮ್ಮವೇ. ಆದರೆ ಮೊದಲ ಪಾಠವು ಈ ನೆಲದ್ದಾಗಲಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟಿಯ ಗೊಲ್ಲರಹಟ್ಟಿಯ ಸಿರಿಯಜ್ಜಿಯು ಅಕ್ಷರವನ್ನರಿಯದೆ ಸಾವಿರಾರು ಪದಗಳನ್ನು ಕಂಠದಲ್ಲಿ ಧರಿಸಿದ್ದಳು. ಕೃಷ್ಣಮೂರ್ತಿ ಹನೂರರು ಅವುಗಳನ್ನು ಕೇಳಿ ಬರೆದುಕೊಳ್ಳದಿದ್ದರೆ ನಮಗೆ ಆಕೆಯ ಹೆಸರೂ ದಕ್ಕುತ್ತಿರಲಿಲ್ಲ. ಕಾಡುಗೊಲ್ಲರ ಗಣೆಯನ್ನು ಊದಿ ಜುಂಜಪ್ಪನ ಕಾವ್ಯ ಹಾಡುವವರು ಇಂದು ಎಷ್ಟು ಮಂದಿ ಉಳಿದಿದ್ದಾರೆಂದು ತಾವೇ ಎಣಿಸಿರಿ. ಪ್ರಮಾಣಪತ್ರವಿಲ್ಲವೆಂಬ ಕಾರಣಕ್ಕೆ ಇಂಥವರನ್ನು ಶಾಲೆಯ ಬಾಗಿಲಿನಾಚೆ ನಿಲ್ಲಿಸುವ ನಿಯಮವು ನಿಯಮವಾದೀತು, ನ್ಯಾಯವಾಗದು. ವೇತನ ಪಡೆವ ಉಪಾಧ್ಯಾಯರು ಪರೀಕ್ಷೆ ಮಾಡಿದವರಾಗಿರಲಿ. ಆದರೆ ತಿಂಗಳಿಗೊಮ್ಮೆ ಊರಿನ ಹಿರಿಯ ಹಾಡುಗಾರ್ತಿಯೊಬ್ಬಳನ್ನು ಕರೆದು, ಮಣೆ ಹಾಕಿ ಕೂರಿಸಿ, ತಾಂಬೂಲ ದಕ್ಷಿಣೆಗಳನ್ನಿತ್ತು, ಮಕ್ಕಳೊಡನೆ ತಾವೂ ಕುಳಿತು ಕಲಿಯಲಿ. ಆಗ ಸಂಗೀತದ ಉಪಾಧ್ಯಾಯರ ಕೊಠಡಿಯು ಊರಿನ ನೆನಪಿನ ಕಣಜವಾದೀತು.

‘ಹಾಡಿನಿಂದ ಹೊಟ್ಟೆ ತುಂಬೀತೇ?’ ಎಂದು ತಂದೆಯಾದವನು ಕೇಳುತ್ತಾನೆ. ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಹೊಟ್ಟೆ ತುಂಬುವಂತೆ ಮಾಡುವುದು ಹಾಡಿನ ಹೊಣೆಯಲ್ಲ. ಹಾಡನ್ನು ಕೇಳುವ ಸಮಾಜದ ಹೊಣೆ. ಮದುವೆಗೆ, ಜಾತ್ರೆಗೆ, ರಾಜ್ಯೋತ್ಸವಕ್ಕೆ ಹಾಡುವವರು ಬೇಕು. ಮರುದಿನ ಅವರ ಮನೆಯ ಒಲೆಯ ಚಿಂತೆ ನಮಗೆ ಬೇಡವೆಂದರೆ ಹೇಗೆ?

ಆದುದರಿಂದ ಈ ಸಭೆಯಲ್ಲಿ ನಮ್ಮ ವಿಜ್ಞಾಪನೆಗಳು ಮೂರು. ಮುಂದಿನ ಸಮಿತಿಯ ಸಭೆಯಲ್ಲಿ ಸಂಗೀತ ಬೋಧಕರ ಬೇಡಿಕೆಯನ್ನು ಅಭಿವೃದ್ಧಿ ಯೋಜನೆಯಲ್ಲಿ ಬರೆಯಿಸಿರಿ. ನೆರೆಯ ನಾಲ್ಕು ಶಾಲೆಗಳ ಸಮಿತಿಗಳಿಗೆ ಪತ್ರ ಬರೆದು ಒಂದು ಕಡೆ ಸೇರಿಸಿರಿ; ಅರ್ಜಿಯನ್ನು ಬರೆದುಕೊಡುವ ಕೆಲಸ ನಮಗಿರಲಿ, ಅದಕ್ಕೆ ಶುಲ್ಕವಿಲ್ಲ. ಸರಕಾರವು ಒಪ್ಪುವ ತನಕ, ಈ ಸೀಮೆಯಲ್ಲಿಯೇ ಕಲಿತ ತರುಣನೊಬ್ಬನಿಗೆ ಅಥವಾ ತರುಣಿಯೊಬ್ಬಳಿಗೆ ಊರೇ ಗೌರವಧನವನ್ನು ಕೂಡಿಸಿಕೊಟ್ಟು ವಾರಕ್ಕೆ ಎರಡು ಪಾಠಗಳನ್ನಾದರೂ ಆರಂಭಿಸಿರಿ. ಒಂದು ಶ್ರುತಿಪೆಟ್ಟಿಗೆ, ಒಂದು ಚಾಪೆ, ಒಬ್ಬ ಗುರು ಇಷ್ಟಿದ್ದರೆ ಸಾಕು.

ನಾಡು ಒಂದಾಗುವ ಮೊದಲೇ ಅದನ್ನು ಹಾಡಿ ಒಂದುಮಾಡಿದವರ ಮಕ್ಕಳು ನಾವು. ಒಂದಾದ ನಾಡಿನ ಹಳ್ಳಿಯ ಶಾಲೆಯಲ್ಲಿ ಹಾಡು ಕಲಿಸುವವರಿಲ್ಲ ಎಂಬ ಮಾತು ಇನ್ನು ಬಹುಕಾಲ ಉಳಿಯಬಾರದು.