ಶುಲ್ಕ ಕಟ್ಟಿದ ಮೇಲಿನ ಖರ್ಚು

(ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ನಿವೃತ್ತ ಶಿಕ್ಷಕರು ಮಾಡಿದ ಭಾಷಣ)





ಪ್ರತಿ ವರ್ಷ ಈ ಸಭೆಯಲ್ಲಿ ಅಂಕಗಳ ಬಗ್ಗೆ, ಶುಲ್ಕದ ಬಗ್ಗೆ ಮಾತಾಡುತ್ತೇವೆ. ಈ ಸಲ ಶುಲ್ಕ ಕಟ್ಟಿ ರಸೀದಿ ಕೈಗೆ ಬಂದ ಮೇಲೆ ಏನಾಗುತ್ತದೆ ಎಂಬುದನ್ನು ನಿಮ್ಮ ಮುಂದಿಡುತ್ತೇವೆ. ಸ್ನಾತಕೋತ್ತರ ಓದಿಗೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೋಗುವುದು ಮೈಸೂರಿಗೆ. ಅಲ್ಲಿನ ವಿಶ್ವವಿದ್ಯಾನಿಲಯ ಆರಂಭವಾದದ್ದು 1916ರಲ್ಲಿ. ಸ್ನಾತಕೋತ್ತರ ವಿಭಾಗಗಳಿರುವ ಆವರಣ 1960ರಲ್ಲಿ ಶುರುವಾಯಿತು. ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಕುವೆಂಪು. ಕುಕ್ಕರಹಳ್ಳಿ ಕೆರೆ, ಪಡುವಾರಹಳ್ಳಿ, ಸರಸ್ವತಿಪುರಂ, ಬೋಗಾದಿ ರಸ್ತೆ ಅದರ ಅಕ್ಕಪಕ್ಕದಲ್ಲೇ ಇವೆ. ಹಾಸ್ಟೆಲಿನಲ್ಲಿ ಜಾಗ ಸಿಗದ ಮಕ್ಕಳು ಈ ಕಡೆಗಳಲ್ಲಿ ಮೂವರು ನಾಲ್ವರು ಸೇರಿ ಕೊಠಡಿ ಹಿಡಿಯುತ್ತಾರೆ.

ಕೊಠಡಿ ಎಂದರೆ ಮೊದಲು ಅಡ್ವಾನ್ಸ್. ಆಮೇಲೆ ಹಾಸಿಗೆ, ಬಕೆಟ್, ಒಲೆ, ಪಾತ್ರೆ. ಹಾಸ್ಟೆಲ್ ಸಿಕ್ಕಿದರೂ ಠೇವಣಿ ಮತ್ತು ಮೆಸ್ ಬಿಲ್ ತಪ್ಪಿದ್ದಲ್ಲ. ಇವೆಲ್ಲ ಮೊದಲ ತಿಂಗಳಲ್ಲೇ ಬರುತ್ತವೆ. ಸರ್ಕಾರದ ವಿದ್ಯಾರ್ಥಿವೇತನವಾದರೋ ಅರ್ಜಿ, ಪರಿಶೀಲನೆ, ಮಂಜೂರಾತಿ ಎಲ್ಲ ಮುಗಿದ ಮೇಲೆ ಖಾತೆಗೆ ಬರುತ್ತದೆ. ಒಂದು ಸೆಮಿಸ್ಟರಿನ ಪಾಠ ಸುಮಾರು 16 ವಾರ. ಹಣ ಎರಡು ತಿಂಗಳು ತಡವಾದರೆ ಅರ್ಧ ಸೆಮಿಸ್ಟರ್ ಕಳೆದಂತೆ. ಆ ಎರಡು ತಿಂಗಳನ್ನು ಮಗು ಹೇಗೆ ದಾಟಬೇಕು?

ಎಂ.ಎಸ್ಸಿ. ಸೇರಿದ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇವೆ, ಹೆಸರು ಬೇಡ. ತಂದೆ ಗ್ಯಾರೇಜಿನಲ್ಲಿ ಕೆಲಸ ಮಾಡುವವರು. ಶುಲ್ಕ ಪೂರ್ತಿ ಕಟ್ಟಿಯಾಗಿತ್ತು. ಎರಡನೇ ತಿಂಗಳಲ್ಲಿ ಆಕೆ ಬಟ್ಟೆಬರೆ ಕಟ್ಟಿಕೊಂಡು ಊರಿಗೆ ಹೊರಟು ನಿಂತಿದ್ದಳು. ಬಾಕಿ ಇದ್ದದ್ದು ಊಟದ ಹಣ ಮಾತ್ರ. ಬೆಳಗಿನ ತಿಂಡಿ ಬಿಟ್ಟು ಮೂರು ವಾರ ಹೇಗೋ ತಳ್ಳಿದ್ದಳು. ಮನೆಗೆ ಹೇಳಿದರೆ "ಓದು ಸಾಕು, ಬಂದುಬಿಡು" ಎನ್ನುತ್ತಾರೆಂದು ಹೇಳಿರಲಿಲ್ಲ. ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಊರಿಗೆ ಹೋಗಿ ಒಂದು ತಿಂಗಳು ಕೂತಿದ್ದರೆ ಕಟ್ಟಿದ ಶುಲ್ಕವೂ ನೀರಿನಲ್ಲಿ ಹೋಮವಾಗುತ್ತಿತ್ತು. ಜೊತೆಯ ಹುಡುಗಿಯೊಬ್ಬಳು ಫೋನ್ ಮಾಡಿ ತಿಳಿಸಿದ್ದರಿಂದ ಆಕೆ ಉಳಿದಳು. ಈಗ ನಾಲ್ಕನೇ ಸೆಮಿಸ್ಟರಿನಲ್ಲಿದ್ದಾಳೆ.

ಬಾಡಿಗೆಯ ವಿಷಯದಲ್ಲಿ ಇನ್ನೊಂದು ಕಷ್ಟವಿದೆ. ಕೊಠಡಿ ಖಾಲಿ ಇದೆ ಎಂದವರು ಹೆಸರು ಕೇಳಿದ ಮೇಲೆ ಇಲ್ಲ ಎಂದದ್ದನ್ನು ಮಕ್ಕಳು ನಮಗೆ ಹೇಳಿದ್ದಾರೆ. ಹೆಸರೇ ಕೇಳದೆ ಬೀಗದ ಕೈ ಕೊಟ್ಟ ಮನೆಯವರೂ ಇದ್ದಾರೆ ಎಂಬುದನ್ನೂ ಹೇಳಲೇಬೇಕು. ಜಾಗ ಸಿಗದವರು ಉದಯಗಿರಿ, ರಾಜೀವನಗರದ ನೆಂಟರ ಮನೆಗಳಲ್ಲಿ ಉಳಿಯುತ್ತಾರೆ. ಅದು ಊರಿನ ಆ ತುದಿ, ಗಂಗೋತ್ರಿ ಈ ತುದಿ. ನಗರ ಬಸ್ ನಿಲ್ದಾಣದಲ್ಲಿ ಇಳಿದು ಇನ್ನೊಂದು ಬಸ್ ಹತ್ತಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಖರ್ಚು ಉಳಿದಿದೆ. ಆದರೆ ಸಮಯ ಉಳಿದಿಲ್ಲ. ಸಂಜೆ ಗ್ರಂಥಾಲಯದಲ್ಲಿ ಕೂರಬೇಕಾದ ಹೊತ್ತು ಬಸ್ಸಿನಲ್ಲಿ ಕಳೆಯುತ್ತದೆ.

ರಮಝಾನಿನಲ್ಲಿ ಮೆಸ್‌ನ ತಿಂಡಿ ಸಿಗುವುದು ಫಜರ್ ಅಝಾನ್ ಆಗಿ ಎಷ್ಟೋ ಹೊತ್ತಿನ ಮೇಲೆ. ರಾತ್ರಿಯ ಅನ್ನ ಎತ್ತಿಟ್ಟು, ಬಾಳೆಹಣ್ಣು, ಖರ್ಜೂರದಲ್ಲಿ ಸಹರಿ ಮುಗಿಸುತ್ತಾರೆ. ಅಲಾರಂ ಇಟ್ಟು ಎಬ್ಬಿಸುವವರು ಎಷ್ಟೋ ಸಲ ಬೇರೆ ಧರ್ಮದ ಗೆಳತಿಯರೇ. ಹಳ್ಳಿಯಿಂದ ಹೋದ ಮಗು ಅಲ್ಲಿ ಮುದ್ದೆ, ರೊಟ್ಟಿ ಹಂಚಿಕೊಂಡು ತಿನ್ನುತ್ತದೆ, ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಲು ಕಲಿಯುತ್ತದೆ. ಈ ಕಲಿಕೆಯೂ ಪದವಿಯ ಭಾಗ. ಹಸಿದ ಹೊಟ್ಟೆಗೆ ಇದಾವುದೂ ದಕ್ಕುವುದಿಲ್ಲ.

ಆದ್ದರಿಂದ ಈ ಸಾಲಿನಿಂದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಶುಲ್ಕದ ನೆರವಿನ ಜೊತೆಗೆ ವಾಸ ಮತ್ತು ಊಟದ ನೆರವನ್ನೂ ಕೊಡಲು ಸಮಿತಿ ತೀರ್ಮಾನಿಸಿದೆ. ಮೊದಲ ಕಂತು ಪ್ರವೇಶವಾದ ಕೂಡಲೇ ಸಿಗುತ್ತದೆ, ಉಳಿದದ್ದು ತಿಂಗಳು ತಿಂಗಳು. ಸಂಶೋಧನೆ ಮಾಡುವವರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ 2022-23ರಿಂದ ಹೊಸಬರಿಗೆ ನಿಂತುಹೋಗಿದೆ. ಅಂಥವರ ಅರ್ಜಿಗಳನ್ನೂ ಪರಿಗಣಿಸುತ್ತೇವೆ.

ದಾನಿಗಳಲ್ಲಿ ಒಂದು ವಿನಂತಿ. ರಮಝಾನಿನಲ್ಲಿ ಒಮ್ಮೆಗೇ ಕೊಡುವುದನ್ನು ನಿಲ್ಲಿಸಬೇಡಿ. ಜೊತೆಗೆ ಆದಷ್ಟು ತಿಂಗಳಿಗಿಷ್ಟು ಎಂದು ಕೊಡಿ. ಮಗುವಿಗೆ ಹಸಿವು ತಿಂಗಳು ತಿಂಗಳೂ ಆಗುತ್ತದೆ. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಕುರ್‌ಆನ್ ಹೇಳಿದೆ, ಅದರಲ್ಲಿ ಬಡವರದೇ ಮೊದಲ ಸ್ಥಾನ. ಆದ್ದರಿಂದ ಝಕಾತ್ ಹಣವನ್ನು ಬಡ ಕುಟುಂಬದ ಮಕ್ಕಳಿಗೆ ಮಾತ್ರ ಕೊಟ್ಟು ಲೆಕ್ಕವನ್ನು ಪ್ರತ್ಯೇಕ ಇಡುತ್ತೇವೆ.

ತಂದೆ-ತಾಯಂದಿರಲ್ಲಿ ಎರಡು ಮಾತು. ಫೋನ್ ಮಾಡಿದಾಗ ಅಂಕ ಕೇಳುವ ಮೊದಲು "ಬೆಳಗ್ಗೆ ಏನು ತಿಂದೆ?" ಎಂದು ಕೇಳಿ. ಉತ್ತರ ತಡವಾದರೆ ನಮಗೆ ತಿಳಿಸಿ. ಅದರಲ್ಲಿ ನಾಚಿಕೆ ಇಲ್ಲ. ಇನ್ನು, ಪ್ರತಿ ಮದುವೆ, ನಾಮಕರಣಕ್ಕೂ ಮಕ್ಕಳನ್ನು ಊರಿಗೆ ಕರೆಸಿಕೊಳ್ಳಬೇಡಿ, ಹಾಜರಿ ಕಳೆಯುತ್ತದೆ.

ಅರ್ಜಿಯ ಜೊತೆ ಪ್ರವೇಶದ ರಸೀದಿ, ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಹಾಸ್ಟೆಲ್ ಅಥವಾ ಬಾಡಿಗೆಯ ವಿವರ ಇರಲಿ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಸರ್ಕಾರದ ಹಣ ಬರಲಿಕ್ಕೂ ಅದು ಬೇಕು. ನಮ್ಮ ನೆರವು ಸಿಕ್ಕಿತೆಂದು ಸರ್ಕಾರದ ಅರ್ಜಿ ಹಾಕುವುದನ್ನು ಬಿಡಬೇಡಿ.

ಕೊಟ್ಟವರ ದಾನವನ್ನು ಅಲ್ಲಾಹನು ಸ್ವೀಕರಿಸಲಿ, ಓದುವ ಮಕ್ಕಳ ಹಾದಿಯನ್ನು ಸುಗಮಗೊಳಿಸಲಿ. ಆಮೀನ್.