ಬಂದರೂ ವಿದ್ಯೆಯೂ



ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು, ಅಲ್ಲಿ ಬಾಲಕರಿಗೆ 23, ಬಾಲಿಕೆಯರಿಗೆ 13 ಪಾಠಶಾಲೆಗಳನ್ನು ಕಂಡುದಾಗಿ ಹೇಳಿರುವನು. ಊರವರ ಜೀವನವಾದರೋ ಕಡಲ ವ್ಯಾಪಾರ. ಬಂದರಿಗೂ ವಿದ್ಯೆಗೂ ನಂಟು ನಮ್ಮಲ್ಲಿ ಹೊಸತಲ್ಲ.

ಭಟ್ಕಳವು ವಿಜಯನಗರಕ್ಕೆ ಕುದುರೆಗಳನ್ನು ಇಳಿಸಿಕೊಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕುಮಟೆಯ ಹೆಸರು ಹೊತ್ತ ಹತ್ತಿಯು ವಿಲಾಯತಿಯವರೆಗೆ ಹೋಯಿತು. ಆ ವೈಭವವು ಇಂದು ಉಳಿದಿಲ್ಲ. ಶರಾವತಿಯ ಅಳಿವೆಯಲ್ಲಿ ಮರಳು ತುಂಬಿ ದೋಣಿಗಳಿಗೆ ಅಪಾಯವಾಗಿದೆ. ಹೂಳೆತ್ತಿದರೆ ಸಾಲದೆ ಎಂದು ನಾವು ಕೇಳಬಹುದು. ಮರಳು ಎಲ್ಲಿಂದ ಬರುವುದು, ತೆಗೆದುದನ್ನು ಎಲ್ಲಿ ಹಾಕಬೇಕು ಎಂಬುದನ್ನರಿಯದೆ ಎತ್ತಿದ ಹೂಳು ಮತ್ತೆ ಬಂದು ಕೂಡುವುದು.

ಕಾಸರಕೋಡಿನ ದಂಡೆಯಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ, ಮೀನುಗಾರರು ಮೀನೊಣಗಿಸುತ್ತಾರೆ. ಅಲ್ಲಿಗೇ ಹೊಸ ಬಂದರಿನ ಯೋಜನೆ ಬಂದಾಗ ಅವರು ಪ್ರತಿಭಟಿಸಿದರು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿಯ ಅಳಿವೆಯಲ್ಲಿಯೂ ಬಳಚು ಆಯ್ದು ಬದುಕುವ ಸಂಸಾರಗಳು ಅನೇಕ.

ಆದುದರಿಂದ ಕಡಲವಿದ್ಯೆಯೆಂದರೆ ಹಡಗು ನಡೆಸುವುದಷ್ಟೇ ಎಂದು ನಾವು ಬಗೆಯಲಾಗದು. ಬಂದರು ಕಟ್ಟುವ ಎಂಜಿನಿಯರನು ಉಬ್ಬರವಿಳಿತವನ್ನೂ ಮೀನಿನ ಮೊಟ್ಟೆಗಾಲವನ್ನೂ ಬಲ್ಲ ಮೀನುಗಾರನಿಂದ ಕಲಿಯಬೇಕು. ಮೀನುಗಾರನ ಮಕ್ಕಳು ಬಂದರಿನ ನಕ್ಷೆಯನ್ನೋದಿ ಪ್ರಶ್ನಿಸಲು ಕಲಿಯಬೇಕು. ಹೊನ್ನಾವರದ ಆ 36 ಪಾಠಶಾಲೆಗಳಿಗೆ ಇಂತಹದೊಂದನ್ನು ನಾವು ಕೂಡಿಸಲಾರೆವೆ?