ತರ್ಕವೂ ಅನುಭವವೂ



ಕಮಲನಗರದ ಎರೆಹೊಲಗಳಾಚೆ ಹೊಗೆಯೇಳುವುದನ್ನು ಕಂಡವನು, ಅಲ್ಲಿಗೆ ಹೋಗದೆಯೇ, ಬೆಂಕಿಯುಂಟೆಂದು ನಿಶ್ಚಯಿಸುತ್ತಾನೆ. ಈ ನಿಶ್ಚಯವನ್ನು ಪರರಿಗೆ ಮನಗಾಣಿಸಲು ಗೌತಮನ ನ್ಯಾಯಶಾಸ್ತ್ರವು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳೆಂಬ ಐದು ಅವಯವಗಳನ್ನು ವಿಧಿಸಿದೆ. ಅವುಗಳ ನಟ್ಟನಡುವೆ ನಿಂತ ಉದಾಹರಣೆಯು, ಎಂದರೆ ಹೊಗೆಯೂ ಬೆಂಕಿಯೂ ಒಡಗೂಡಿ ತೋರುವ ಅಡುಗೆಮನೆಯು, ಎಲ್ಲರೂ ಕಣ್ಣಾರೆ ಕಂಡುದನ್ನೇ ಸಾಕ್ಷಿಗೆ ಕರೆಯುತ್ತದೆ. ಜರ್ಮನಿಯ ಫ್ರೇಗೆ 1879ರಲ್ಲಿ ಗ್ರಂಥರೂಪವಾಗಿ ಮುಂದಿಟ್ಟ ಸಂಕೇತತರ್ಕದ ಮಾರ್ಗ ಬೇರೆ: ವಿಚಾರ ಮಾಡುವವನ ಮನೋವ್ಯಾಪಾರವನ್ನೆಲ್ಲ ಹೊರಗಿರಿಸಿ, ಯಾವ ಮಾತಿನಿಂದ ಯಾವ ಮಾತು ಸಿದ್ಧಿಸುತ್ತದೆಂಬುದೊಂದನ್ನೇ ಅದು ಪರೀಕ್ಷಿಸುತ್ತದೆ. ಅದರ ಖಚಿತತೆಗೆ ಈ ಸಂಯಮವೇ ಕಾರಣ. ಬೆಂಕಿಯ ಕಾವು ಮೈಗೆ ತಾಗುವ ಬಗೆಯಾದರೋ ಅದರ ಯಾವ ಸಂಕೇತದಲ್ಲಿಯೂ ಇಲ್ಲ.

ಹಾಗಾದರೆ ಅರಿವಿನ ವಿಷಯದಲ್ಲಿ ತರ್ಕಕ್ಕೆ ಕೆಲಸವಿಲ್ಲವೇ? ಬೇಕಾದಷ್ಟಿದೆ. ನಾನು ಹೊಗೆಯನ್ನು ಕಾಣುತ್ತಿರುವೆನೆಂಬುದು ನನಗೆ ತಿಳಿಯುವುದು ಹೇಗೆ? ಅನುವ್ಯವಸಾಯವೆಂಬ ಎರಡನೆಯ ಅರಿವಿನಿಂದ ಎಂದರು ನೈಯಾಯಿಕರು. ಎರಡನೆಯದಕ್ಕೆ ಮೂರನೆಯದು, ಮೂರನೆಯದಕ್ಕೆ ನಾಲ್ಕನೆಯದು ಬೇಕಾಗಿ ಅನವಸ್ಥಾದೋಷವೊದಗುವುದೆಂದು ಆಕ್ಷೇಪಿಸಿದ ಅದ್ವೈತಿಗಳು, ಅರಿವು ಸ್ವಯಂಪ್ರಕಾಶವೆಂದು ವಾದಿಸಿದರು. ಹೊಗೆಯನ್ನು ತೋರಿಸುವ ಅರಿವು ಆಗಲೇ ತಾನೂ ತೋರಬೇಕಾಗಿಲ್ಲ, ಆದುದರಿಂದ ಸರಪಣಿ ಎಲ್ಲಿಯಾದರೂ ನಿಲ್ಲಬಹುದು ಎಂಬುದು ನೈಯಾಯಿಕರ ಸಮಾಧಾನ. ಅದು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೂ ಅದ್ವೈತಿಗಳ ಪಕ್ಷವೇ ನನಗೆ ಬಲವತ್ತರವಾಗಿ ತೋರುತ್ತದೆ, ಏಕೆಂದರೆ ಹಲ್ಲುನೋವು ಬಾಧಿಸುತ್ತಿದ್ದೂ ನನಗದು ತಿಳಿಯದೆ ಇರುವುದು ಅಸಂಭವ. ಇಲ್ಲಿ ಗಮನಿಸಬೇಕು: ವಾದ ಪ್ರತಿವಾದಗಳೆಲ್ಲ ಮುಗಿದ ಮೇಲೆ, ತೀರ್ಪಿಗಾಗಿ ನೋವಿನ ಬಳಿಗೇ ಹೋಗಬೇಕಾಯಿತು.

ಅನುಭವವಾದರೂ ವಿಚಾರಣೆಯಿಲ್ಲದೆ ಅಂಗೀಕಾರ್ಯವೆಂದು ನಮ್ಮ ನಾಡಿನವರು ಬಗೆಯಲಿಲ್ಲ. ಕಮಲನಗರದಲ್ಲಿ ಜನಿಸಿ ಭಾಲ್ಕಿ ಹಿರೇಮಠದ ಪೀಠವನ್ನಲಂಕರಿಸಿದ ಡಾ. ಚನ್ನಬಸವ ಪಟ್ಟದ್ದೇವರು, ಬಸವಕಲ್ಯಾಣದಲ್ಲಿ ಯಾವುದರ ಸ್ಮರಣೆಗಾಗಿ ಮಂಟಪವನ್ನು ಕಟ್ಟಿಸಲು ಅಷ್ಟೊಂದು ಶ್ರಮಿಸಿದರೋ ಆ 12ನೆಯ ಶತಮಾನದ ಶರಣರ ಗೋಷ್ಠಿಯಲ್ಲಿ, ಅನುಭಾವಿಯೂ ಪ್ರಶ್ನೆಗೆ ಉತ್ತರ ಕೊಡಬೇಕಾಗಿತ್ತು. ಶೂನ್ಯಸಂಪಾದನೆಯು ನಿರೂಪಿಸುವ ಪ್ರಕಾರ, ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಆಕೆಯ ನಿಲುವಿನಲ್ಲಿಯೇ ವಿರೋಧವೊಂದನ್ನೆತ್ತಿ ತೋರಿಸಿದನು: ದೇಹದ ಹಂಗು ಹರಿದು ಉಡಿಗೆಯನ್ನು ತೊರೆದವಳು ಕೂದಲಿನಿಂದ ಮೈಯನ್ನೇಕೆ ಮರೆಮಾಡಿರುವಳು? ಶುದ್ಧ ತಾರ್ಕಿಕನ ಪ್ರಶ್ನೆಯಿದು. ಅಕ್ಕನು ತನ್ನ ಅನುಭವದ ಹಿರಿಮೆಯನ್ನು ಸಾರಿ ಸುಮ್ಮನಾಗಲಿಲ್ಲ. ಆ ಮರೆಯು ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬ ಕಾರಣವನ್ನು ಕೊಟ್ಟಳು. ವಿರೋಧವು ಪರಿಹಾರವಾಯಿತು, ಪ್ರಭುವು ಮುಂದಿನ ಪ್ರಶ್ನೆಗೆ ತೊಡಗಿದನು.